ಎದುರಾಳಿಯ ಮೈದಾನದಲ್ಲಿ ನಮ್ಮ ಸೀಟು ಎಲ್ಲಿ?

ಈ ಸಲದ ಕಂತು ಪೂರ್ತಿ ಫುಟ್‌ಬಾಲಿಗೆ. ನಮ್ಮ ತಂಡ ಬೇರೆಯವರ ಊರಿಗೆ ಆಡಲು ಹೊರಟಾಗ ಬೆನ್ನಿಗೇ ನಾವೂ ಹೋಗುವುದು ಹೇಗೆ ಎಂದು ಕೇಳಿದ ಪತ್ರಗಳೇ ಹೆಚ್ಚು ಬಂದಿವೆ. ಬಹುಪಾಲು ಇಂಗ್ಲೆಂಡಿನಲ್ಲಿರುವ ಕನ್ನಡಿಗರದು. ಒಂದು ಜರ್ಮನಿಯಿಂದ, ಒಂದು ಬೆಂಗಳೂರಿನಿಂದ. ಇಂಥ ಪಂದ್ಯಕ್ಕೆ ಅಭಿಮಾನಿಗಳ ಬಾಯಲ್ಲಿ 'ಅವೇ ಮ್ಯಾಚ್' ಎಂದೇ ಹೆಸರು. ನಾವೂ ಹಾಗೇ ಕರೆದಿದ್ದೇವೆ.

ಪ್ರಶ್ನೆ: ನಾನು ಮಂಗಳೂರಿನವನು, ಮ್ಯಾಂಚೆಸ್ಟರ್‌ನಲ್ಲಿ ಎಂ.ಎಸ್ಸಿ. ಓದುತ್ತಿದ್ದೇನೆ. ಸಣ್ಣವನಿದ್ದಾಗಿನಿಂದ ಲಿವರ್‌ಪೂಲ್ ಅಭಿಮಾನಿ. ಮ್ಯಾಂಚೆಸ್ಟರ್ ಯುನೈಟೆಡ್‌ನ ಮೈದಾನ ಓಲ್ಡ್ ಟ್ರಾಫರ್ಡ್‌ನಲ್ಲಿ ಲಿವರ್‌ಪೂಲ್ ಆಡುವುದನ್ನು ನೋಡುವ ಆಸೆ. ನನ್ನ ರೂಮ್‌ಮೇಟ್ ಯುನೈಟೆಡ್ ಸದಸ್ಯ; ತನ್ನ ಪಕ್ಕದ ಸೀಟು ಕೊಡಿಸುತ್ತೇನೆ ಅಂತಾನೆ. ಕೆಂಪು ಜೆರ್ಸಿ ಮೇಲೆ ಜಾಕೆಟ್ ಹಾಕಿಕೊಂಡು ಹೋದರೆ ನಡೆಯುತ್ತದೆಯೇ?

ಉತ್ತರ: ಜಾಕೆಟ್ಟಿನ ಉಪಾಯ ಗೇಟಿನಲ್ಲೇ ಕೆಡುತ್ತದೆ. ತಪಾಸಣೆಗೆ ನಿಂತವರು ಮೊದಲು ಹೇಳುವ ಮಾತೇ 'ಜಿಪ್ ಇಳಿಸಿ' ಎಂದು. ತವರು ತಂಡದ ಸ್ಟ್ಯಾಂಡಿನ ಟಿಕೆಟ್ ಹಿಡಿದು ಎದುರಾಳಿಯ ಜೆರ್ಸಿ ತೊಟ್ಟವರನ್ನು ಒಳಗೆ ಬಿಡುವುದಿಲ್ಲ, ದುಡ್ಡೂ ವಾಪಸ್ ಬರುವುದಿಲ್ಲ. ಜೆರ್ಸಿ ಬಿಟ್ಟು ಸಾದಾ ಬಟ್ಟೆಯಲ್ಲೇ ಹೋದಿರಿ ಅನ್ನಿ, ಆಗ ತೊಂದರೆ ಕೊಡುವುದು ನಿಮ್ಮ ಕೈಗಳು. ಎಂಬತ್ತನೇ ನಿಮಿಷದಲ್ಲಿ ಲಿವರ್‌ಪೂಲ್ ಗೋಲು ಹೊಡೆದರೆ ಬುದ್ಧಿ ಎಚ್ಚರಗೊಳ್ಳುವ ಮೊದಲೇ ಕೈ ಮೇಲೆ ಹೋಗಿರುತ್ತದೆ. ಅಕ್ಕಪಕ್ಕದವರು ತಿರುಗಿ ನೋಡುತ್ತಾರೆ, ಯಾರೋ ಒಬ್ಬರು ಜನರ ಮೇಲೆ ಕಣ್ಣಿಡುವ ಮೈದಾನದ ಸಿಬ್ಬಂದಿಗೆ, ಅಂದರೆ ಸ್ಟೀವರ್ಡ್‌ಗೆ, ಸನ್ನೆ ಮಾಡುತ್ತಾರೆ, ಆತ ಬಂದು 'ನನ್ನ ಜೊತೆ ಬನ್ನಿ' ಅನ್ನುತ್ತಾನೆ. ಇದು ಶಿಕ್ಷೆಗಿಂತ ಹೆಚ್ಚಾಗಿ ನಿಮ್ಮ ರಕ್ಷಣೆಗೇ. ಆದರೆ ಟಿಕೆಟ್ ಯಾರ ಖಾತೆಯಿಂದ ಬಂದದ್ದು ಎಂದು ಕ್ಲಬ್ಬಿನವರು ನೋಡುತ್ತಾರೆ. ಸದಸ್ಯತ್ವ ಅಮಾನತಾಗುವುದು ನಿಮ್ಮ ರೂಮ್‌ಮೇಟನದು. ಗೆಳೆತನ ಉಳಿಯಬೇಕಿದ್ದರೆ ಈ ಪಂದ್ಯಕ್ಕೆ ಆ ಸೀಟು ಬೇಡ.

ನೇರ ದಾರಿ ಹೀಗಿದೆ. ಅವೇ ಟಿಕೆಟ್ ಮಾರುವುದು ಯುನೈಟೆಡ್ ಅಲ್ಲ, ಲಿವರ್‌ಪೂಲ್. ಇಂಗ್ಲೆಂಡಿನ ಅಗ್ರ ದರ್ಜೆಯ ಪ್ರೀಮಿಯರ್ ಲೀಗ್‌ನ ನಿಯಮದಂತೆ ತವರು ಕ್ಲಬ್ಬು ಅತಿಥಿ ಕ್ಲಬ್ಬಿಗೆ 3,000 ಟಿಕೆಟ್ ತೆಗೆದಿಡಬೇಕು. ಮೈದಾನ 30,000ಕ್ಕಿಂತ ಚಿಕ್ಕದಾದರೆ ಅದರ ಶೇ 10. ಹಾಗಾಗಿ 74,000 ಜನ ಹಿಡಿಸುವ ಓಲ್ಡ್ ಟ್ರಾಫರ್ಡ್‌ನಲ್ಲೂ ಅತಿಥಿಗಳಿಗೆ ಸಿಗುವುದು ಆಗ್ನೇಯದ ಒಂದು ಮೂಲೆ. ಸುಮಾರು 11,300 ಆಸನಗಳ ಬೋರ್ನ್‌ಮತ್ ಮೈದಾನದಲ್ಲಿ ಸಾವಿರದ ಚಿಲ್ಲರೆ ಅಷ್ಟೇ. ಬೆಲೆ ಮಾತ್ರ ಹಗುರ: 2016-17ರಿಂದ ಪ್ರೀಮಿಯರ್ ಲೀಗ್ ಅವೇ ಟಿಕೆಟ್ಟಿಗೆ 30 ಪೌಂಡ್ ಮಿತಿ ಹಾಕಿದ್ದಾರೆ. ಬೆಲೆ ಕಡಿಮೆ, ಸೀಟು ಕಡಿಮೆ, ಜನ ಜಾಸ್ತಿ. ಹೀಗಾಗಿ ಹಿಂದಿನ ಋತುಗಳಲ್ಲಿ ಎಷ್ಟು ಅವೇ ಪಂದ್ಯಗಳಿಗೆ ಹೋಗಿದ್ದೀರಿ ಎಂಬ ಲೆಕ್ಕದ ಮೇಲೆ ಹಂಚುತ್ತಾರೆ. ಹೊಸದಾಗಿ ಸದಸ್ಯರಾದವರಿಗೆ ಓಲ್ಡ್ ಟ್ರಾಫರ್ಡ್ ಟಿಕೆಟ್ ಸಿಗುವುದು ಆಗದ ಮಾತು. ಸುಮ್ಮನೆ ಆಸೆ ಹುಟ್ಟಿಸುವುದು ಬೇಡ.

ಸಿಗುವ ಸಂದು ಬೇರೆ ಕಡೆ ಇದೆ. ಸೋತವರು ಹೊರಬೀಳುವ ನಾಕೌಟ್ ಟೂರ್ನಿ ಎಫ್‌ಎ ಕಪ್‌ನಲ್ಲಿ ಅತಿಥಿ ತಂಡ ಶೇ 15ರಷ್ಟು ಸೀಟು ಕೇಳಬಹುದು. ಹಾಗಾಗಿ ಚೀಟಿ ಎತ್ತಿದಾಗ ದೊಡ್ಡ ಮೈದಾನವಿರುವ ತಂಡದ ಊರಿನಲ್ಲಿ ಪಂದ್ಯ ಬಿದ್ದರೆ ಲೀಗ್‌ನಲ್ಲಿ 3,000 ಇದ್ದದ್ದು ಎರಡು ಮೂರು ಪಟ್ಟಾಗುತ್ತದೆ, ಹಂಚಿಕೆಯ ಸಾಲು ಕೆಳಗಿನವರೆಗೂ ಬರುತ್ತದೆ. ಇನ್ನೊಂದು, ಮಹಿಳಾ ಸೂಪರ್ ಲೀಗ್: ಟಿಕೆಟ್ ಅಗ್ಗ, ಎರಡು ಕಡೆಯವರನ್ನು ಬೇರ್ಪಡಿಸುವ ಬೇಲಿ ಹೆಚ್ಚಿನ ಕಡೆ ಅಷ್ಟು ಬಿಗಿಯಿಲ್ಲ. ರೂಮ್‌ಮೇಟ್ ಜೊತೆ ಒಂದೇ ಸಾಲಿನಲ್ಲಿ ಕೂತು ಜಗಳಾಡುತ್ತ ನೋಡಬೇಕೆಂದರೆ ಅದೇ ಸರಿ.

ಪ್ರಶ್ನೆ: ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಬ್ಬರು ಅವೇ ಟಿಕೆಟ್ 120 ಪೌಂಡಿಗೆ ಕೊಡುತ್ತೇನೆ ಅನ್ನುತ್ತಿದ್ದಾರೆ, ಸ್ಕ್ರೀನ್‌ಶಾಟ್ ಕೂಡ ಕಳಿಸಿದ್ದಾರೆ. ತೆಗೆದುಕೊಳ್ಳಲೇ? (ಓದುಗರು, ಬರ್ಮಿಂಗ್‌ಹ್ಯಾಮ್)

ಉತ್ತರ: ಬೇಡ. ಮೊದಲಿಗೆ, ಇಂಗ್ಲೆಂಡಿನಲ್ಲಿ ಫುಟ್‌ಬಾಲ್ ಟಿಕೆಟ್ಟನ್ನು ಅನುಮತಿ ಇಲ್ಲದೆ ಮರುಮಾರಾಟ ಮಾಡುವುದೇ ಅಪರಾಧ. 1994ರ ಕ್ರಿಮಿನಲ್ ಜಸ್ಟಿಸ್ ಕಾಯ್ದೆಯ 166ನೇ ಸೆಕ್ಷನ್ ಇದಕ್ಕೆಂದೇ ಇದೆ. ಸಂಗೀತ ಕಛೇರಿಯ ಟಿಕೆಟ್ಟಿಗೆ ಇಲ್ಲದ ಕಟ್ಟುನಿಟ್ಟು ಫುಟ್‌ಬಾಲಿಗೆ ಏಕೆಂದರೆ, ಕಾಳಸಂತೆಯ ಟಿಕೆಟ್ಟಿನಿಂದ ಒಂದು ತಂಡದವರ ನಡುವೆ ಇನ್ನೊಂದು ತಂಡದವರು ಬಂದು ಕೂರುತ್ತಾರೆ, ಹೊಡೆದಾಟ ಹುಟ್ಟುವುದೇ ಅಲ್ಲಿ.

ಎರಡನೆಯದು, ಸ್ಕ್ರೀನ್‌ಶಾಟ್ ಟಿಕೆಟ್ ಅಲ್ಲ. ಈಗ ಬಹುತೇಕ ಕಡೆ ಟಿಕೆಟ್ ಫೋನಿನ ವಾಲೆಟ್‌ನಲ್ಲಿ ಕೂತಿರುತ್ತದೆ, ಗೇಟಿನ ಯಂತ್ರಕ್ಕೆ ಫೋನ್ ತಾಗಿಸಬೇಕು. ಚಿತ್ರಕ್ಕೆ ಆ ಯಂತ್ರ ಸೊಪ್ಪು ಹಾಕುವುದಿಲ್ಲ. ಜೊತೆಗೆ ಕೆಲವು ಕ್ಲಬ್ಬುಗಳು ಅವೇ ಪಂದ್ಯಕ್ಕೆ ಆಯ್ದ ಕೆಲವರ ಟಿಕೆಟ್ಟನ್ನು ಮುಂಚೆ ಕಳಿಸದೆ, ಮೈದಾನದ ಹತ್ತಿರವೇ ಗುರುತಿನ ಚೀಟಿ ನೋಡಿ ಕೊಡುತ್ತವೆ. ಮಾರಿದವರ ಹೆಸರು ಆ ಪಟ್ಟಿಯಲ್ಲಿ ಬಂದರೆ ನಿಮ್ಮ 120 ಪೌಂಡ್ ಹೋಯಿತು. ನಿಮ್ಮ ಕ್ಲಬ್ಬಿನದೇ ಆ್ಯಪ್‌ನಲ್ಲಿ ಟಿಕೆಟ್ ವರ್ಗಾವಣೆಗೆ ಅವಕಾಶವಿದ್ದು, ಮೂಲ ಬೆಲೆಗೆ ಕೊಡುವುದಾದರೆ ಮಾತ್ರ ಮುಂದುವರಿಯಿರಿ.

ಪ್ರಶ್ನೆ: ನಾನು ಲಂಡನ್‌ನಲ್ಲಿದ್ದೇನೆ, ಇಲ್ಲಿನ ಫುಲಂ ಕ್ಲಬ್ಬಿನ ಸದಸ್ಯ. ಅಪ್ಪನಿಗೆ 68, ಮೊಣಕಾಲು ನೋವು. ಡಿಸೆಂಬರ್‌ನಲ್ಲಿ ಮೈಸೂರಿನಿಂದ ಬರುತ್ತಾರೆ. ಶನಿವಾರ ಮಧ್ಯಾಹ್ನ 3ಕ್ಕೆ ನ್ಯೂಕಾಸಲ್‌ನಲ್ಲಿ ಫುಲಂ ಪಂದ್ಯ ಇದೆ ಎಂದು ಪಟ್ಟಿಯಲ್ಲಿ ನೋಡಿದೆ. ರೈಲು ಈಗಲೇ ಬುಕ್ ಮಾಡಿದರೆ ಅಗ್ಗ ಅಲ್ಲವೇ? ಅಪ್ಪ ಶುದ್ಧ ಸಸ್ಯಾಹಾರಿ.

ಉತ್ತರ: ಲಿವರ್‌ಪೂಲ್‌ನಷ್ಟು ನೂಕುನುಗ್ಗಲಿಲ್ಲದ ಫುಲಂ ಆಗಿದ್ದಕ್ಕೇ ನಿಮಗೆ ಟಿಕೆಟ್ ಸಿಗುವ ಮಾತು ಬಂದಿದೆ, ಅದೇ ಅದೃಷ್ಟ. ರೈಲು ಮಾತ್ರ ಈಗಲೇ ಬೇಡ. ಜೂನ್‌ನಲ್ಲಿ ಬರುವ ಪಟ್ಟಿಯಲ್ಲಿರುವ 'ಶನಿವಾರ 3 ಗಂಟೆ' ಎನ್ನುವುದು ತಾತ್ಕಾಲಿಕ. ಶನಿವಾರ ಮಧ್ಯಾಹ್ನ 2.45ರಿಂದ 5.15ರವರೆಗೆ ಬ್ರಿಟನ್ನಿನ ಟಿವಿಯಲ್ಲಿ ಫುಟ್‌ಬಾಲ್ ನೇರ ಪ್ರಸಾರ ಮಾಡುವಂತಿಲ್ಲ. ಹಾಗಾಗಿ ಟಿವಿಯವರು ಆರಿಸಿಕೊಂಡ ಪಂದ್ಯಗಳೆಲ್ಲ ಶನಿವಾರ 12.30ಕ್ಕೋ, ಸಂಜೆ 5.30ಕ್ಕೋ, ಭಾನುವಾರಕ್ಕೋ, ಸೋಮವಾರ ರಾತ್ರಿ 8ಕ್ಕೋ ಜರುಗುತ್ತವೆ. ಎರಡರಲ್ಲಿ ಒಂದು ತಂಡ ಗುರುವಾರ ಯುರೋಪಿನ ಕ್ಲಬ್ ಟೂರ್ನಿಯ ಪಂದ್ಯ ಆಡುವುದಿದ್ದರೆ ಆ ವಾರದ ಲೀಗ್ ಪಂದ್ಯ ಭಾನುವಾರಕ್ಕೆ ಹೋಯಿತೆಂದೇ ತಿಳಿಯಿರಿ. ಸೋಮವಾರ ರಾತ್ರಿಗೆ ಬಿದ್ದರಂತೂ ಪಂದ್ಯ ಮುಗಿಯುವುದು 9.55ರ ಸುಮಾರಿಗೆ, ಅಷ್ಟರಲ್ಲಿ ಲಂಡನ್ ಕಡೆಯ ಕೊನೆಯ ನೇರ ರೈಲು ಹೊರಟಿರುತ್ತದೆ, ಹೋಟೆಲ್ ಖರ್ಚು ತಲೆಗೆ ಬರುತ್ತದೆ. ಟಿವಿ ಆಯ್ಕೆ ಪ್ರಕಟವಾದ ದಿನವೇ ರೈಲು ಬುಕ್ ಮಾಡಿ, ಅದಕ್ಕಿಂತ ಒಂದು ದಿನ ಮುಂಚೆಯೂ ಬೇಡ.

ಅಗ್ಗದ 'ಅಡ್ವಾನ್ಸ್' ಟಿಕೆಟ್ ಒಂದೇ ರೈಲಿಗೆ ಕಟ್ಟಿದ್ದು, ತಪ್ಪಿದರೆ ಹೋಯಿತು. ಹೋಗುವಾಗ ಅದೇ ಸಾಕು. ಬರುವಾಗ ಲೆಕ್ಕ ಹಾಕಿ: 3ಕ್ಕೆ ಶುರುವಾದ ಆಟ ಹೆಚ್ಚುವರಿ ನಿಮಿಷಗಳೂ ಸೇರಿ 5ರ ಹೊತ್ತಿಗೆ ಮುಗಿಯುತ್ತದೆ, ಸ್ಟ್ಯಾಂಡಿನಿಂದ ಇಳಿಯಲು ಅಪ್ಪನಿಗೆ ಇಪ್ಪತ್ತು ನಿಮಿಷ, ಸ್ಟೇಷನ್ನಿಗೆ ಮಾಮೂಲಿ ನಡಿಗೆಯಲ್ಲಿ ಹತ್ತು ಹದಿನೈದು, ಅವರ ನಡಿಗೆಯಲ್ಲಿ ಇಪ್ಪತ್ತೈದು. ಆರು ಗಂಟೆಗಿಂತ ಮುಂಚಿನ ರೈಲು ಹಿಡಿಯುವ ಯೋಚನೆ ಬಿಡಿ. ಲಂಡನ್-ನ್ಯೂಕಾಸಲ್ ನಡುವೆ 2024ರಲ್ಲಿ ಬಂದ, ಕಾದಿರಿಸಿದ ರೈಲಿಗಿಂತ 70 ನಿಮಿಷ ಹಿಂದೆ ಮುಂದೆ ಹೊರಡುವ ಬೇರೆ ರೈಲೂ ನಡೆಯುವ ಟಿಕೆಟ್ ಒಂದಿದೆ. ವಾಪಸಿಗೆ ಅಂಥದ್ದು ಮೇಲು. 60 ದಾಟಿದವರಿಗೆ ಸೀನಿಯರ್ ರೇಲ್‌ಕಾರ್ಡ್ ಸಿಗುತ್ತದೆ, ವಯಸ್ಸಿಗೆ ಪಾಸ್‌ಪೋರ್ಟ್ ತೋರಿಸಿದರೆ ಸಾಕು. ಬಹುತೇಕ ಟಿಕೆಟ್ಟುಗಳಲ್ಲಿ ಮೂರನೇ ಒಂದು ಭಾಗ ಉಳಿತಾಯ.

ಈಗ ಮುಖ್ಯ ವಿಷಯ. ನ್ಯೂಕಾಸಲ್‌ನ ಸೇಂಟ್ ಜೇಮ್ಸ್ ಪಾರ್ಕ್‌ನಲ್ಲಿ ಅತಿಥಿಗಳನ್ನು ಕೂರಿಸುವುದು ಲೀಜಸ್ ಸ್ಟ್ಯಾಂಡಿನ ತುತ್ತತುದಿ, ಏಳನೇ ಹಂತದಲ್ಲಿ. ಅಲ್ಲಿಗೆ 14 ಸುತ್ತು ಮೆಟ್ಟಿಲು. ಇಂಗ್ಲೆಂಡಿನ ಅವೇ ಅಭಿಮಾನಿಗಳು ಉಬ್ಬಸದ ಜೊತೆ ನೆನೆಯುವ ಮೆಟ್ಟಿಲುಗಳಿವು. ಲಿಫ್ಟ್ ಇದೆ, ಆದರೆ ಎಲ್ಲರಿಗೂ ಅಲ್ಲ. ಟಿಕೆಟ್ ಕೊಳ್ಳುವಾಗಲೇ ಫುಲಂ ಟಿಕೆಟ್ ಕಚೇರಿಗೆ ಅಪ್ಪನ ಮೊಣಕಾಲಿನ ವಿಷಯ ಬರೆದು ತಿಳಿಸಿ. ಅವರು ನ್ಯೂಕಾಸಲ್‌ನವರಿಗೆ ಹೇಳಿ ಏರ್ಪಾಡು ಮಾಡುತ್ತಾರೆ. ಪಂದ್ಯದ ದಿನ ಗೇಟಿನಲ್ಲಿ ಹೊಸದಾಗಿ ಕೇಳಿದರೆ ಕಷ್ಟ.

ಇನ್ನೊಂದು ತೊಡಕು: ಅವೇ ಸ್ಟ್ಯಾಂಡಿನಲ್ಲಿ ತೊಂಬತ್ತು ನಿಮಿಷವೂ ಜನ ನಿಂತೇ ಇರುತ್ತಾರೆ. ಸೀಟಿದೆ, ಯಾರೂ ಕೂರುವುದಿಲ್ಲ. ಅಪ್ಪ ಕೂತರೆ ಕಾಣುವುದು ಮುಂದಿನವರ ಬೆನ್ನು. ಸಿಗುವುದಾದರೆ ಬ್ಲಾಕಿನ ಮೊದಲ ಸಾಲನ್ನೇ ಕೇಳಿ, ಅಲ್ಲಿ ಮುಂದೆ ನಿಲ್ಲುವವರಿರುವುದಿಲ್ಲ.

ಚಳಿ ಮೊದಲು ಹಿಡಿಯುವುದು ಪಾದಕ್ಕೆ, ಕಾಂಕ್ರೀಟಿನಿಂದ. ಉಣ್ಣೆಯ ಕಾಲುಚೀಲ ಎರಡು ಜೊತೆ ಹಾಕಿಸಿ; ಆದರೆ ಶೂ ಬಿಗಿಯಾದರೆ ರಕ್ತ ಓಡದೆ ಇನ್ನೂ ಕೊರೆಯುತ್ತದೆ, ಒಂದು ಸೈಜು ದೊಡ್ಡ ಶೂ ಇರಲಿ. ಮನೆಯಿಂದ ಫ್ಲಾಸ್ಕ್‌ನಲ್ಲಿ ಕಾಫಿ ಒಯ್ಯುವ ಯೋಚನೆ ಬಿಡಿ, ಹೆಚ್ಚಿನ ಕಡೆ ಗೇಟಿನಲ್ಲೇ ಇಡಿಸಿಕೊಳ್ಳುತ್ತಾರೆ. ಬ್ಯಾಗು ಎ4 ಹಾಳೆಗಿಂತ ದೊಡ್ಡದಿದ್ದರೂ ಅದೇ ಗತಿ. ಊಟಕ್ಕೆ: ಚೀಸ್-ಈರುಳ್ಳಿ ಪೈ ಅಥವಾ ಚಿಪ್ಸ್ (ನಾವು ಫ್ರೆಂಚ್ ಫ್ರೈಸ್ ಅನ್ನುವುದು) ಸಿಗುತ್ತದೆ. ಚಿಪ್ಸ್ ಕರಿದ ಎಣ್ಣೆ ಯಾವುದು, ಅದರಲ್ಲಿ ಇನ್ನೇನು ಕರಿದಿದ್ದಾರೆ ಎಂದು ಕೇಳಿಯೇ ತೆಗೆದುಕೊಳ್ಳಿ. ಎಲ್ಲಕ್ಕಿಂತ ಮುಖ್ಯ, ಪಕ್ಕದವರು ಕಾಗದದ ಲೋಟದಲ್ಲಿ ಹಬೆಯಾಡುವ ಕಡುಕಂದು ಪಾನೀಯ ಹಿಡಿದಿದ್ದರೆ ಅದನ್ನು ಕಷಾಯವೆಂದೋ ಬ್ಲ್ಯಾಕ್ ಟೀ ಎಂದೋ ಅಪ್ಪ ತಿಳಿಯದಿರಲಿ. ಅದು ಬೋವ್ರಿಲ್, ದನದ ಮಾಂಸದ ಸಾರ. ಇಂಗ್ಲಿಷ್ ಮೈದಾನಗಳಲ್ಲಿ ತಲೆಮಾರುಗಳಿಂದ ಚಳಿಗೆ ಕುಡಿಯುವುದು ಅದನ್ನೇ. (ಹಾಗೆಂದು ಇಡೀ ಇಂಗ್ಲೆಂಡನ್ನು ದೂರುವಂತಿಲ್ಲ, ನೈಲ್ಸ್‌ವರ್ತ್ ಎಂಬ ಪುಟ್ಟ ಊರಿನ ಫಾರೆಸ್ಟ್ ಗ್ರೀನ್ ರೋವರ್ಸ್ ಕ್ಲಬ್ಬು ತನ್ನ ಮೈದಾನದಲ್ಲಿ ಹಾಲು ಬೆಣ್ಣೆಯನ್ನೂ ಬಿಟ್ಟು ಪೂರ್ತಿ ಸಸ್ಯಮೂಲದ ತಿಂಡಿಯನ್ನೇ ಮಾರುತ್ತದೆ.)

ಪ್ರಶ್ನೆ: ಅವೇ ಸ್ಟ್ಯಾಂಡಿಗೆ ಕನ್ನಡ ಬಾವುಟ ಒಯ್ಯಬಹುದೇ? ಅಲ್ಲಿ ಹಾಡುವ ಹಾಡುಗಳನ್ನು ಮೊದಲೇ ಕಲಿಯಬೇಕೇ? (ಓದುಗರು, ಲೆಸ್ಟರ್)

ಉತ್ತರ: ಬಾವುಟಕ್ಕೆ ಅಡ್ಡಿಯಿಲ್ಲ, ಕೋಲಿಗೆ ಇದೆ. ಬಟ್ಟೆಯನ್ನು ಮಡಚಿ ಜೇಬಿಗೆ ಹಾಕಿಕೊಳ್ಳಿ, ಹೆಗಲಿಗೆ ಹೊದ್ದುಕೊಳ್ಳಿ. ಕಟಕಟೆಗೆ ಕಟ್ಟುವಂಥ ದೊಡ್ಡ ಬಾವುಟವಾದರೆ ಬಟ್ಟೆಗೆ ಬೆಂಕಿ ಬೇಗ ಹತ್ತದು ಎಂಬ ಪ್ರಮಾಣಪತ್ರವನ್ನು ಅನೇಕ ಕ್ಲಬ್ಬುಗಳು ಕೇಳುತ್ತವೆ. ಅಳತೆ ಬರೆದು ಮುಂಚಿತವಾಗಿ ಒಪ್ಪಿಗೆ ಪಡೆಯಿರಿ. ಹಳದಿ-ಕೆಂಪಿನ ಬಗ್ಗೆ ಒಂದು ಕಿವಿಮಾತು: ಹಳದಿ, ಕಪ್ಪು, ಕೆಂಪು ವ್ಯಾಟ್‌ಫೋರ್ಡ್ ತಂಡದ ಬಣ್ಣಗಳು. ವ್ಯಾಟ್‌ಫೋರ್ಡ್‌ಗೆ ಲೂಟನ್ ಕಂಡರಾಗದು, ಲೂಟನ್‌ಗೆ ವ್ಯಾಟ್‌ಫೋರ್ಡ್ ಕಂಡರಾಗದು. ಲೂಟನ್‌ನವರ ನಡುವೆ ನಮ್ಮ ಬಾವುಟ ಬಿಚ್ಚಿದರೆ ಭುವನೇಶ್ವರಿಯ ಕಥೆ ಹೇಳುವಷ್ಟು ಹೊತ್ತು ಯಾರೂ ಕೊಡುವುದಿಲ್ಲ.

ಹೊಗೆ ಪಟಾಕಿ, ಫ್ಲೇರ್ ಮುಟ್ಟಲೇಬೇಡಿ. ಪಕ್ಕದವರು 'ಒಂದು ನಿಮಿಷ ಹಿಡಿ' ಎಂದು ಕೊಟ್ಟರೂ ಬೇಡ. ಒಳಗೆ ಅದು ಕೈಯಲ್ಲಿದ್ದರೇ ಕ್ರೀಡಾ ಪಂದ್ಯಗಳಲ್ಲಿ ಮದ್ಯ ಮುಂತಾದವನ್ನು ನಿಯಂತ್ರಿಸುವ 1985ರ ಕಾಯ್ದೆಯಡಿ ಅಪರಾಧ. ಮೈದಾನದೊಳಕ್ಕೆ ಇಳಿಯುವುದು, ಏನನ್ನಾದರೂ ಎಸೆಯುವುದು ಫುಟ್‌ಬಾಲ್ ಅಪರಾಧಗಳ 1991ರ ಕಾಯ್ದೆಯಡಿ ಬರುತ್ತವೆ. ವೀಸಾ ಮೇಲಿರುವವರಿಗೆ ಇಂಥ ಒಂದು ಪ್ರಕರಣ ಎಷ್ಟು ದುಬಾರಿಯಾದೀತು ಎಂದು ಬಿಡಿಸಿ ಹೇಳಬೇಕಿಲ್ಲ.

ಬಿಯರ್ ಬಗ್ಗೆಯೂ ಅದೇ 1985ರ ಕಾಯ್ದೆ. ಸ್ಟ್ಯಾಂಡಿನ ಕೆಳಗಿನ ಅಂಗಡಿ ಸಾಲಿನಲ್ಲಿ ಕುಡಿಯಬಹುದು, ಆಟ ಕಾಣುವ ಜಾಗಕ್ಕೆ ತರುವಂತಿಲ್ಲ. ಅಭಿಮಾನಿಗಳ ಬಸ್ಸಿನಲ್ಲೂ ಮದ್ಯ ನಿಷಿದ್ಧ. ವಿರಾಮ 15 ನಿಮಿಷ, ಮೂರು ಸಾವಿರ ಜನ ಒಂದೇ ಮೆಟ್ಟಿಲಲ್ಲಿ ಇಳಿಯುತ್ತಾರೆ. ಶೌಚಾಲಯಕ್ಕೋ ಪೈಗೋ 40ನೇ ನಿಮಿಷಕ್ಕೆ ಎದ್ದವರು ಗೆದ್ದರು.

ಹಾಡಿನ ವಿಷಯದಲ್ಲಿ ನಮ್ಮ ಸಲಹೆ: ಪದ ಪೂರ್ತಿ ಅರ್ಥವಾಗುವವರೆಗೆ ಚಪ್ಪಾಳೆ ತಟ್ಟಿ, ಬಾಯಿ ಸೇರಿಸಬೇಡಿ. ರಾಗ ಸುಲಭ, ಎರಡನೇ ಸಾಲಿಗೇ ನಾಲಿಗೆಗೆ ಹತ್ತುತ್ತದೆ. ಗಂಡಾಂತರ ಇರುವುದು ಅಲ್ಲೇ. ಕೆಲವು ಕೂಗುಗಳು ಸತ್ತವರನ್ನು ಅಣಕಿಸುವಂಥವು. 1958ರ ಫೆಬ್ರುವರಿ 6ರ ಮ್ಯೂನಿಕ್ ವಿಮಾನ ದುರಂತದಲ್ಲಿ ಯುನೈಟೆಡ್ ಆಟಗಾರರೂ ಸೇರಿ 23 ಮಂದಿ ತೀರಿಕೊಂಡರು. 1989ರ ಏಪ್ರಿಲ್ 15ರಂದು ಹಿಲ್ಸ್‌ಬರೋದ ನೂಕುನುಗ್ಗಲಿಗೆ ಸಿಕ್ಕಿ ಬಲಿಯಾದ ಲಿವರ್‌ಪೂಲ್ ಅಭಿಮಾನಿಗಳು 97. ಎರಡು ಕೈ ಚಾಚಿ ವಿಮಾನದಂತೆ ಓಲಾಡುವುದು ಹೊಸಬರಿಗೆ ತಮಾಷೆಯಾಗಿ ಕಾಣಬಹುದು. ಅದು ಯಾರ ಸಾವಿನ ಅಣಕ ಎಂದು ಈಗ ಗೊತ್ತಾಯಿತಲ್ಲ. ಇಂಥದ್ದಕ್ಕೆ ಬಂಧನ, ಮೈದಾನ ಪ್ರವೇಶ ನಿಷೇಧ ಎರಡೂ ಆಗಿವೆ.

ಪ್ರಶ್ನೆ: ಮೈಬಣ್ಣ ನೋಡಿ ಯಾರಾದರೂ ಏನಾದರೂ ಅಂದರೆ? ಹೆಂಡತಿ, ಎಂಟು ವರ್ಷದ ಮಗಳು ಜೊತೆಗಿರುತ್ತಾರೆ. (ಓದುಗರು, ಶೆಫೀಲ್ಡ್)

ಉತ್ತರ: ಜನಾಂಗೀಯ ಕೂಗು 1991ರ ಕಾಯ್ದೆಯಡಿ ಅಪರಾಧ. ತಿರುಗಿ ಬೈಯಲು ಹೋಗಬೇಡಿ. ನಿಮ್ಮ ಬ್ಲಾಕ್, ಸಾಲು, ಸೀಟು ಸಂಖ್ಯೆ ಮತ್ತು ಅಂದವರ ಸೀಟಿನ ಅಂದಾಜು, ಇಷ್ಟನ್ನು ಗಡಿಯಾರದ ಸಮಯದೊಂದಿಗೆ ಫೋನಿನಲ್ಲಿ ಬರೆದುಕೊಳ್ಳಿ. ಈ ಸಮಯ ಮುಖ್ಯ, ಕ್ಯಾಮೆರಾ ದೃಶ್ಯ ಹುಡುಕುವವರಿಗೆ ಬೇಕಾಗುವುದು ಅದೇ. ಎದ್ದು ಹೋಗಿ ಸ್ಟೀವರ್ಡ್‌ಗೆ ಹೇಳಿ. ಎದ್ದು ಹೋಗುವುದು ಬೇಡವೆನಿಸಿದರೆ ಸಂದೇಶ ಕಳಿಸುವ ಸಂಖ್ಯೆಯನ್ನು ಅನೇಕ ಕ್ಲಬ್ಬುಗಳು ಸ್ಟ್ಯಾಂಡಿನಲ್ಲೇ ಬರೆದು ಹಾಕಿರುತ್ತವೆ. ಫುಟ್‌ಬಾಲಿನಲ್ಲಿ ಜನಾಂಗೀಯ ದ್ವೇಷದ ವಿರುದ್ಧ 1993ರಲ್ಲಿ ಹುಟ್ಟಿದ ಕಿಕ್ ಇಟ್ ಔಟ್ ಸಂಸ್ಥೆಗೂ ದೂರು ಕೊಡಬಹುದು.

ಮಗುವಿನ ಮಟ್ಟಿಗೆ ನಿಜ ಹೇಳುವುದಾದರೆ, ಎಂಟು ವರ್ಷದವರಿಗೆ ಅವೇ ಸ್ಟ್ಯಾಂಡು ಸರಿಯಾದ ಜಾಗವಲ್ಲ. ಬೈಗುಳ ಮಳೆಯಂತೆ ಸುರಿಯುತ್ತದೆ, ನಿಂತ ದೊಡ್ಡವರ ನಡುವೆ ಅವಳಿಗೆ ಚೆಂಡೇ ಕಾಣುವುದಿಲ್ಲ. ತವರಿನ ಪಂದ್ಯದ ಫ್ಯಾಮಿಲಿ ಸ್ಟ್ಯಾಂಡಿನಿಂದ ಶುರು ಮಾಡಿ. ಹೋಗಲೇಬೇಕೆಂದರೆ, ದಾರಿಯಲ್ಲಿ ಸ್ಕಾರ್ಫ್ ಒಳಗಿರಲಿ, ಗೇಟು ದಾಟಿದ ಮೇಲೆ ತೆಗೆಯಿರಿ. ಬಾಗಿಲಲ್ಲಿ 'ತವರು ಅಭಿಮಾನಿಗಳಿಗೆ ಮಾತ್ರ' ಎಂದು ಬರೆದ ಪಬ್ಬಿಗೆ ಕಾಲಿಡಬೇಡಿ. ಬಿಸಿಯೇರಿದ ಪಂದ್ಯಗಳಲ್ಲಿ ತವರಿನವರು ಚದುರುವ ತನಕ ಅತಿಥಿಗಳನ್ನು ಒಳಗೇ ಹಿಡಿದಿಟ್ಟುಕೊಳ್ಳುತ್ತಾರೆ. ಮಗಳಿಗೆ ತಿನ್ನಲು ಏನಾದರೂ ಜೇಬಿನಲ್ಲಿರಲಿ.

ಪ್ರಶ್ನೆ: ಜರ್ಮನಿಯಲ್ಲಿ ಬಿಯರ್ ಹಿಡಿದು ನಿಂತೇ ನೋಡಬಹುದಂತೆ, ನಿಜವೇ? (ಓದುಗರು, ಡ್ಯುಸೆಲ್‌ಡಾರ್ಫ್)

ಉತ್ತರ: ನಿಜ. ಅಲ್ಲಿನ ಅಗ್ರ ಲೀಗ್ ಆದ ಬುಂಡೆಸ್‌ಲೀಗಾದಲ್ಲಿ ಅತಿಥಿಗಳಿಗೆ ಶೇ 10 ಜಾಗ, ಅದರಲ್ಲಿ ನಿಲ್ಲುವ ಭಾಗವೂ ಸೇರಿರುತ್ತದೆ, ಟಿಕೆಟ್ ಇಂಗ್ಲೆಂಡಿಗಿಂತ ಅಗ್ಗ. ಲೋಟಕ್ಕೆ ಠೇವಣಿ ಹಿಡಿಯುತ್ತಾರೆ, ವಾಪಸ್ ಕೊಟ್ಟು ಚಿಲ್ಲರೆ ಪಡೆಯಿರಿ. ಅನೇಕ ಕ್ಲಬ್ಬುಗಳ ಪಂದ್ಯದ ಟಿಕೆಟ್ಟೇ ಆ ದಿನ ಸ್ಥಳೀಯ ರೈಲು, ಟ್ರಾಮಿಗೂ ನಡೆಯುತ್ತದೆ. ಯಾವ ವಲಯದವರೆಗೆ ಎಂಬುದು ಟಿಕೆಟ್ ಮೇಲೆ ಸಣ್ಣ ಅಕ್ಷರದಲ್ಲಿರುತ್ತದೆ, ಓದಿ. ಗಲಾಟೆಯ ಭಯವಿರುವ ಪಂದ್ಯಗಳಲ್ಲಿ ಮಾತ್ರ ಮದ್ಯವಿಲ್ಲದ ಬಿಯರೇ ಗತಿ.

ಪ್ರಶ್ನೆ: ಬಿಎಫ್‌ಸಿ (ಬೆಂಗಳೂರು ಎಫ್‌ಸಿ) ಪಂದ್ಯ ನೋಡಲು ಕೊಚ್ಚಿಗೆ ಹೋಗಬೇಕೆಂದಿದ್ದೇವೆ, ನಾಲ್ವರು ಗೆಳೆಯರು. ನೀಲಿ ಜೆರ್ಸಿಯಲ್ಲಿ ಹೋದರೆ ಪರವಾಗಿಲ್ಲವೇ? ಪಂದ್ಯ ಮುಗಿಸಿ ಅದೇ ರಾತ್ರಿ ವಾಪಸ್ ಆಗಬಹುದೇ? (ಓದುಗರು, ಮಲ್ಲೇಶ್ವರ, ಬೆಂಗಳೂರು)

ಉತ್ತರ: ನಾಲ್ವರೇ ಬಿಡಿಯಾಗಿ ಹೋಗಿ ಹಳದಿ ಸ್ಟ್ಯಾಂಡಿನ, ಅಂದರೆ ತವರು ತಂಡ ಕೇರಳ ಬ್ಲಾಸ್ಟರ್ಸ್ ಕಡೆಯ, ಟಿಕೆಟ್ ತೆಗೆದುಕೊಳ್ಳಬೇಡಿ. ಕೇರಳ ಬ್ಲಾಸ್ಟರ್ಸ್‌ನ ಮಂಜಪ್ಪಡ ಬಳಗ ದೇಶದ ಅತಿದೊಡ್ಡ ಅಭಿಮಾನಿ ಬಳಗಗಳಲ್ಲೊಂದು. ಈ ಎರಡು ತಂಡಗಳ ಹಗೆಗೆ 2023ರ ಮಾರ್ಚ್ 3ರ ನೆನಪೂ ಸೇರಿದೆ: ಕಂಠೀರವದ ಆ ಪ್ಲೇಆಫ್‌ನಲ್ಲಿ ಹೆಚ್ಚುವರಿ ಸಮಯದಲ್ಲಿ ಬ್ಲಾಸ್ಟರ್ಸ್ ಆಟಗಾರರು ಚೆಂಡಿಗೆ ಅಡ್ಡ ಸಾಲಾಗಿ ನಿಂತು 'ಗೋಡೆ' ಕಟ್ಟುವ ಮೊದಲೇ ಬಿಎಫ್‌ಸಿಯ ಸುನಿಲ್ ಛೆಟ್ರಿ ಫ್ರೀಕಿಕ್ ಒದ್ದು ಗೋಲು ಮಾಡಿದರು, ಬ್ಲಾಸ್ಟರ್ಸ್ ತಂಡ ಮೈದಾನ ಬಿಟ್ಟು ನಡೆಯಿತು, ಆಮೇಲೆ 4 ಕೋಟಿ ರೂಪಾಯಿ ದಂಡ ಬಿತ್ತು. ಅಲ್ಲಿನವರು ಅದನ್ನು ಮರೆತಿಲ್ಲ. ಬಿಎಫ್‌ಸಿ ಅಭಿಮಾನಿಗಳದೇ ಆದ ನಮ್ಮ ವೆಸ್ಟ್ ಬ್ಲಾಕ್ ಬ್ಲೂಸ್ ಬಳಗವನ್ನು ಮೊದಲೇ ಸಂಪರ್ಕಿಸಿ, ಅವರು ಕೂರುವ ಬ್ಲಾಕಿನಲ್ಲೇ ಟಿಕೆಟ್ ಮಾಡಿ, ಗುಂಪಿನ ಜೊತೆಗೇ ಒಳಗೆ ಹೋಗಿ, ಗುಂಪಿನ ಜೊತೆಗೇ ಹೊರಗೆ ಬನ್ನಿ. ಜೆರ್ಸಿ ಆ ಬ್ಲಾಕಿನೊಳಗೆ ಧಾರಾಳವಾಗಿ ತೊಡಿ, ಮೆಟ್ರೋದಲ್ಲಿ ಮೇಲೊಂದು ಅಂಗಿ ಇರಲಿ.

ಪಂದ್ಯ ಯಾವ ಮೈದಾನದಲ್ಲಿ ಎಂದು ವೇಳಾಪಟ್ಟಿಯಲ್ಲಿ ಖಚಿತ ಮಾಡಿಕೊಂಡೇ ಹೊರಡಿ. ಕಲೂರಿನ ಜವಾಹರಲಾಲ್ ನೆಹರೂ ಕ್ರೀಡಾಂಗಣದಲ್ಲೇ ಆದರೆ ಅದರ ಹೆಸರಿನದೇ ಮೆಟ್ರೋ ನಿಲ್ದಾಣ ಎದುರಿಗೇ ಇದೆ, ಆಟೋದವರ ಜೊತೆ ಚೌಕಾಸಿ ಬೇಡ. ವಾಪಸ್ ಬರುವುದೇ ಪೇಚು. ರಾತ್ರಿ 7.30ರ ಪಂದ್ಯ ಬಿಡುವಾಗ 9.30 ದಾಟುತ್ತದೆ, ಬೆಂಗಳೂರಿನ ಬಸ್ಸುಗಳಲ್ಲಿ ಹೆಚ್ಚಿನವು ಅಷ್ಟೊತ್ತಿಗೆ ನಗರ ಬಿಟ್ಟಿರುತ್ತವೆ. ತಡವಾಗಿ ಹೊರಡುವ ಬಸ್ಸು ಸಿಕ್ಕಿದರೆ ಹತ್ತುವ ಜಾಗವನ್ನು ವೈಟಿಲ ಎಂದು ಹಾಕಬೇಡಿ, ಅದು ಉಲ್ಟಾ ದಿಕ್ಕು. ಬಸ್ಸುಗಳು ತ್ರಿಶೂರು-ಪಾಲಕ್ಕಾಡ್ ಹೆದ್ದಾರಿ ಹಿಡಿಯಲು ಆಲುವಾ ಮೇಲೇ ಹೋಗಬೇಕು, ಮೆಟ್ರೋ ಮಾರ್ಗದ ಒಂದು ತುದಿಯೂ ಆಲುವಾ. ಸ್ಟೇಡಿಯಂ ನಿಲ್ದಾಣದಿಂದ ನೇರ ಅಲ್ಲಿಗೆ ಹೋಗಿ ಹತ್ತಿ. ವಾಪಸ್ ಮೆಟ್ರೋ ಟಿಕೆಟ್ಟನ್ನು ಪಂದ್ಯಕ್ಕೆ ಮುಂಚೆ, ಇಳಿದಾಗಲೇ ಫೋನಿನಲ್ಲಿ ಮಾಡಿಟ್ಟುಕೊಂಡರೆ ಕೌಂಟರಿನ ಸಾಲು ತಪ್ಪುತ್ತದೆ.